ಕತ್ತರಿಸಿದ ಅಂಚು

ಸೋಮವಾರ ನನ್ನ ಸ್ಟುಡಿಯೋಗೆ ರಜ.
ವಾರವಿಡೀ ಪಾಸ್‌ಪೋರ್ಟ್ ಸೈಜಿನ ಮುಖಗಳು:
ಎರಡೂ ಕಿವಿ ಕಾಣಬೇಕು, ನಗಬಾರದು.
ಒಂದು ದಿನವಾದರೂ ಮುಖವಿಲ್ಲದ್ದು ಬೇಕೆನಿಸಿ
ಸುಂಟಿಕೊಪ್ಪದಾಚೆಯ ಎಸ್ಟೇಟ್ ಆಸ್ಪತ್ರೆಗೆ ಹೋದೆ.

ಬೀಗ ಇತ್ತು, ಬಾಗಿಲಿರಲಿಲ್ಲ.
ಹಲಗೆಯನ್ನು ಯಾರೋ ಒಲೆಗೆ ಒಯ್ದು
ಚಿಲಕವನ್ನು ಚೌಕಟ್ಟಿಗೇ ಬಿಗಿದಿದ್ದರು.
‘ಒಳಗೆ ಹಾವುಂಟು, ಸರ್ವಿಸಲ್ಲಿ ನನಗಿಂತ ಸೀನಿಯರು’
ಅಂದ ಕಾವಲಿನ ಮೊಯ್ದು,
ಬೀಡಿ ಹಚ್ಚಿ ಹೊರಗೇ ಕೂತ.

ಹೆರಿಗೆ ಕೋಣೆಯಲ್ಲಿ
ಕೂಸು ತೂಗುವ ತಕ್ಕಡಿ.
ತಟ್ಟೆಯಲ್ಲಿ ಒಣಗಿದ ಸಿಲ್ವರ್ ಎಲೆ, ಸತ್ತ ಜೇಡ.
ಮುಳ್ಳು ಮಾತ್ರ ಎರಡು ಕಿಲೋ ಹತ್ತಿರ ನಿಂತಿದೆ
ಯಾರನ್ನೋ ಇನ್ನೂ ಕೆಳಗಿಳಿಸಿಲ್ಲವೆಂಬಂತೆ.
ಹನ್ನೊಂದು ಸಲ ಕ್ಲಿಕ್ಕಿಸಿದೆ. ಬೆಳಕು ಚೆನ್ನಾಗಿತ್ತು.
(ಬೆಳಕು ಚೆನ್ನಾಗಿತ್ತು ಅಂತ ಬರೆಯಲು
ಈಗ ಕೈ ಸ್ವಲ್ಪ ತಡೆಯುತ್ತದೆ.)

ಇಳಿಜಾರಿನ ಕೆಳಗೆ ಕ್ಯೂರಿಂಗ್ ವರ್ಕ್ಸ್.
ಕಾಫಿ ಒಣಗಿಸುವ ಕಣದ ಬಿರುಕಲ್ಲಿ ಲಂಟಾನ,
ಬೆಲ್ಟು ಕಳಚಿದ ಮಿಷಿನ್ನು ಬಾಯಿ ತೆರೆದು ಕೂತಿದೆ.
ತಗಡಿನ ತೂತುಗಳಿಂದ ಬಿಸಿಲು
ಕೋಲುಕೋಲಾಗಿ ನೆಲಕ್ಕೆ ನಾಟಿತ್ತು.
ಕಾಲಿಟ್ಟರೆ ಸಾಕು, ಎದ್ದು ಹಾರುವ ಸಿಪ್ಪೆ ಧೂಳು.
ಆ ಪಟ ನನ್ನ ಜೀವಮಾನದ್ದು ಅಂದುಕೊಂಡೆ.
ಕೆಳಗಿನ ಅಂಚಲ್ಲಿ ಗೋಡೆಯ ಗೀಚು, ಸುಣ್ಣದ ಕಲೆ.
ಗಲೀಜು. ಕತ್ತರಿಸಿದೆ.

ಮಡಿಕೇರಿಯ ಒಂದು ಹಾಲಲ್ಲಿ ಎರಡು ದಿನ,
ಇಪ್ಪತ್ತೆರಡು ಪಟ.
‘ಅಬ್ಬಾ, ಎಂಥ ಶಾಂತಿ!’ ಅಂದರು ಕೆಲವರು.
ಸ್ಕೂಲು ಹುಡುಗನಿಗೆ ದೆವ್ವ ಯಾವ ಮೂಲೆಯಲ್ಲಿ ಅಂತ ತಿಳಿಯಬೇಕಿತ್ತು.
ಹೋಂಸ್ಟೇ ಉತ್ತಯ್ಯ ತಕ್ಕಡಿಯ ಮುಂದೆ ನಿಂತು
‘ಇದನ್ನೇ ಮೂರಡಿಗೆ ನಾಲ್ಕಡಿ ಮಾಡಿಕೊಡಿ,
ಗೆಸ್ಟುಗಳಿಗೆ ಹಳೇದು ಅಂದ್ರೆ ಪ್ರಾಣ’ ಅಂದರು.
ಅವರ ಹಿಂದೆಯೇ ಇದ್ದರು ಏಲಿಕ್ಕುಟ್ಟಿ ಸಿಸ್ಟರ್,
ರಿಟೈರಾಗಿ ಹತ್ತೊಂಬತ್ತು ವರ್ಷ.
‘ಇದು ಯಾವಾಗಲೂ ನೂರು ಗ್ರಾಂ ಜಾಸ್ತಿ ತೋರಿಸ್ತಿತ್ತು.
ರಿಜಿಸ್ಟರಲ್ಲಿ ಕಳೆದು ಬರೀತಿದ್ದೆ.
ತಾಯಿಗೆ ಹೇಳುವಾಗ ಕಳೀತಿರಲಿಲ್ಲ.’

ಕೊನೆಗೆ ಬಂದವಳು ಪೂವಾಯಿ.
ಬಿಸಿಲುಕೋಲಿನ ಪಟದ ಮುಂದೆ ಬಗ್ಗಿ
ಚೌಕಟ್ಟಿನ ಕೆಳಗೆ, ಬರೀ ಗೋಡೆಯ ಮೇಲೆ
ಏನನ್ನೋ ಹುಡುಕಿದಳು.
‘ಇಲ್ಲಿ ನಂಬರಿತ್ತಲ್ಲ?’
ಯಾವ ನಂಬರು?
‘ನಾವು ಕೂತು ಕಾಫಿ ಆರಿಸೋ ಜಾಗದ್ದು.
ಒಬ್ಬೊಬ್ಬಳಿಗೂ ಒಂದು, ಬೆನ್ನ ಹಿಂದೆ ಬರೆದಿದ್ರು.
ಪಿ.ಎಫ್. ಆಫೀಸಲ್ಲಿ ಕೇಳ್ತಾರೆ,
ನೀನು ಅಲ್ಲಿದ್ದಿ ಅನ್ನೋದಕ್ಕೆ ಏನು ಗುರುತು ಅಂತ.
ಪುಸ್ತಕ ಎಲ್ಲ ಗೆದ್ದಲು ತಿಂತಂತೆ.’

ಮಂಗಳವಾರ ಸ್ಟುಡಿಯೋಗೆ ಬಂದಳು.
ಕತ್ತರಿಸದ ಮೂಲ ತೆರೆದೆ.
ನಾನು ಗೀಚೆಂದದ್ದು ಪರದೆಯಲ್ಲಿ ಹಿಗ್ಗುತ್ತ ಹೋಗಿ
ಎಪ್ಪತ್ತೊಂದಾಯಿತು, ಎಪ್ಪತ್ತೆರಡಾಯಿತು.
‘ನಬೀಸಾ, ಹಾಡ್ತಿದ್ಲು. ಇದು ರೊಸಾರಿ.
ಇಗೋ ಎಪ್ಪತ್ತಮೂರು.’
ಉಗುರಿಂದ ಪರದೆಯನ್ನು ಮೆಲ್ಲಗೆ ತಟ್ಟಿದಳು
ರಾಶಿಯಿಂದ ಕಪ್ಪು ಬೀಜವನ್ನು ಬೇರೆ ಮಾಡುವ ಹಾಗೆ.
ಅಂಕಿಯ ಮೇಲೆ ಎಣ್ಣೆಜಿಡ್ಡಿನ ಒಂದು ಕಲೆ:
ಸುಣ್ಣದ್ದಲ್ಲ ಅದು. ಇಪ್ಪತ್ತಾರು ವರ್ಷ
ಒಂದು ತಲೆ ಒರಗಿದ ಜಾಗ.

ಅರ್ಜಿಗೆ ಅಂಟಿಸಲು ಅವಳ ಪಟವೂ ಬೇಕಿತ್ತು.
ಸ್ಟೂಲಿನ ಮೇಲೆ ಕೂರಿಸಿ, ಅಭ್ಯಾಸಬಲದಿಂದ,
‘ನಗಬಾರದು’ ಅಂದೆ.
ಅವಳೇನೂ ನಗುತ್ತಿರಲಿಲ್ಲ.
ದುಡ್ಡು ಬೇಡವೆಂದರೂ ಬೋರ್ಡು ಓದಿಸಿಕೊಂಡು
ನಲವತ್ತು ರೂಪಾಯಿ ಎಣಿಸಿಟ್ಟಳು.

ಆಫೀಸಿನವರು ಒಪ್ಪಿದರೋ ಇಲ್ಲವೋ, ಗೊತ್ತಿಲ್ಲ.
ತಕ್ಕಡಿಯಂತೂ ಉತ್ತಯ್ಯನವರ ಊಟದ ಕೋಣೆಯಲ್ಲಿದೆ,
ಕಡುಂಬುಟ್ಟು ಮುರಿಯುವವರ ತಲೆಯ ಮೇಲೆ,
ನೂರು ಗ್ರಾಂ
ಜಾಸ್ತಿಯೇ ತೋರಿಸುತ್ತ.